ನೀರು ಬಿಡುವವರಿಗೆ ಸಲ್ಲಬೇಕಾದ ಮನ್ನಣೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕುಡಿಯುವ ನೀರಿನ ಸರಬರಾಜಿಗೂ ಆ ಕೆಲಸದಲ್ಲಿರುವ ನೌಕರರಿಗೂ ಸಂಬಂಧಿಸಿದವು. ಬೇಸಗೆ ಹತ್ತಿರವಾದಾಗ ಕಾಸರಗೋಡಿನ ಓದುಗರಿಂದ ಇಂತಹ ಪತ್ರಗಳು ಬರುವುದು ಸಹಜ. ಆದುದರಿಂದ ಇತರ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಉಳಿಸಿಕೊಂಡು, ಇಲ್ಲಿ ನೀರಿನ ವಿಚಾರವನ್ನಷ್ಟೇ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಪೇಟೆಯ ನೀರಿನ ಕಚೇರಿಯಲ್ಲಿ ಕೆಲವು ಮಂದಿ ನೌಕರರಿಗೆ ಶಾಲು ಹೊದೆಸಿ, ಸ್ಮರಣಿಕೆ ನೀಡಿ ಸನ್ಮಾನಿಸಿದರೆಂಬ ಸುದ್ದಿಯನ್ನು ಭಾವಚಿತ್ರ ಸಹಿತ ಪತ್ರಿಕೆಯಲ್ಲಿ ಓದಿದೆ. ಅದೇ ತಿಂಗಳಲ್ಲಿ ನಮ್ಮ ಓಣಿಗೆ ಮೂರು ದಿನ ನೀರು ಬಂದಿರಲಿಲ್ಲ; ಯಾಕೆಂದು ಹೇಳುವವರೂ ಇರಲಿಲ್ಲ. ಹೀಗಿರುವಾಗ ಈ ಸನ್ಮಾನದ ಅಗತ್ಯವೇನು?
(ಗಡಿನಾಡಿನ ಗೃಹಿಣಿ, ಹೆಸರು ಮತ್ತು ಊರು ಬೇಡವೆಂದು ಕೋರಿದ್ದಾರೆ)

ಉತ್ತರ: ನಿಮ್ಮ ದೂರು ನ್ಯಾಯವಾದದ್ದು. ಮೋಟಾರು ಸುಡಬಹುದು, ಪೈಪು ಒಡೆಯಬಹುದು, ವಿದ್ಯುತ್ ಕೈಕೊಡಬಹುದು. ಇವು ಯಾವ ಊರಿಗೂ ತಪ್ಪಿದ್ದಲ್ಲ. ಆದರೆ ನೀರು ಬಾರದೆಂಬ ಮಾತನ್ನು ಹಿಂದಿನ ದಿನವೇ ತಿಳಿಸಿದ್ದರೆ ನೀವು ಎರಡು ಕೊಡಪಾನ ಹೆಚ್ಚು ತುಂಬಿಸಿಟ್ಟುಕೊಳ್ಳುತ್ತಿದ್ದಿರಿ. ಹಾಗೆ ತಿಳಿಸದಿದ್ದುದು ಆಡಳಿತದ ಲೋಪವೇ ಹೊರತು ಬೇರೇನಲ್ಲ, ಮತ್ತು ಅದನ್ನು ಸನ್ಮಾನದ ಸುದ್ದಿಯಿಂದ ಮುಚ್ಚಲು ಬರುವುದಿಲ್ಲ.

ಆದರೆ ನೀರು ಬಾರದಿರುವುದಕ್ಕೆ ಹೊಣೆಯಾದವರೂ, ಅಂದು ರಾತ್ರಿಯಿಡೀ ಗುಂಡಿಯೊಳಗೆ ನಿಂತು ಪೈಪು ಜೋಡಿಸಿದವರೂ ಒಬ್ಬರೇ ಆಗಿರುವುದು ಅಪರೂಪ. ಕೆಲವು ವರ್ಷಗಳ ಹಿಂದೆ ಒಂದು ನಸುಕಿನಲ್ಲಿ, ವಾಲ್ವ್ ತಿರುಗಿಸಲು ಬಂದ ನೌಕರರೊಬ್ಬರ ಜೊತೆ ನಾನು ಅರ್ಧ ಗಂಟೆ ನಿಂತಿದ್ದೆ. ರಸ್ತೆಯ ಅಂಚಿನಲ್ಲಿದ್ದ ಕಬ್ಬಿಣದ ಮುಚ್ಚಳವನ್ನು ಸರಿಸಿ, ಸೊಂಟದೆತ್ತರದ ಕೀಲಿಯನ್ನು ಒಳಗಿಳಿಸಿ, ಎರಡೂ ಕೈಯಿಂದ ಅದರ ಅಡ್ಡಹಿಡಿಯನ್ನು ತಿರುಗಿಸುತ್ತಾ ಅವರು ಮೆಲುದನಿಯಲ್ಲಿ ಸುತ್ತುಗಳನ್ನು ಎಣಿಸುತ್ತಿದ್ದರು. ಮೊದಲ ಸುತ್ತುಗಳು ಸರಸರನೆ ಆದವು. ಕೊನೆಯ ನಾಲ್ಕೈದು ಸುತ್ತುಗಳಿಗೆ ಬಂದಾಗ ಮಾತ್ರ ಒಂದೊಂದಕ್ಕೂ ನಿಂತು, ಕೀಲಿಯ ಮೇಲೆ ಅಂಗೈಯಿಟ್ಟು, ಪೈಪಿನ ನಡುಕವನ್ನು ಗಮನಿಸಿ ಮುಂದುವರಿಸಿದರು. ಇದಕ್ಕೆ ಕಾರಣವಿದೆ. ಇಂತಹ ವಾಲ್ವ್ ಬಹುಪಾಲು ಮುಚ್ಚುವವರೆಗೂ ನೀರಿನ ಹರಿವು ಹೆಚ್ಚೇನೂ ತಗ್ಗುವುದಿಲ್ಲ. ನಿಜವಾಗಿ ಹರಿವು ನಿಲ್ಲುವುದು ಕೊನೆಯ ಸುತ್ತುಗಳಲ್ಲಿ. ಅಲ್ಲಿ ಅವಸರ ಮಾಡಿದರೆ ಓಡುತ್ತಿರುವ ನೀರೆಲ್ಲ ಒಮ್ಮೆಲೆ ತಡೆಯಲ್ಪಟ್ಟು, ಅದರ ಹೊಡೆತಕ್ಕೆ ಎಲ್ಲೋ ಒಂದು ಹಳೆಯ ಜೋಡಣೆ ಬಿಚ್ಚಿಕೊಳ್ಳುತ್ತದೆ. ಯಾವ ಓಣಿಯಲ್ಲಿ ಪೈಪು ಹಳೆಯದು, ಯಾವ ಏರಿನ ಮನೆಗಳಿಗೆ ನೀರು ತಡವಾಗಿ ಏರುತ್ತದೆ, ಯಾವ ವಾಲ್ವನ್ನು ಎಷ್ಟು ಸುತ್ತು ತೆರೆದರೆ ತಗ್ಗಿನವರಿಗೂ ಎತ್ತರದವರಿಗೂ ಸಮನಾಗಿ ಹೋಗುತ್ತದೆ ಎಂಬುದೆಲ್ಲ ಅನೇಕ ಕಡೆ ಕಚೇರಿಯ ನಕ್ಷೆಗಿಂತ ಇಂತಹವರ ನೆನಪಿನಲ್ಲೇ ಹೆಚ್ಚು ನಿಖರವಾಗಿ ಉಳಿದಿದೆ. ಅವರು ನಿವೃತ್ತರಾದ ದಿನ ಆ ತಿಳಿವಳಿಕೆಯೂ ಮನೆಗೆ ಹೋಗುತ್ತದೆ.

ಹಾಗಾಗಿ ಸನ್ಮಾನ ಬೇಕು ಎನ್ನುವುದು ನಮ್ಮ ಅಭಿಪ್ರಾಯ. ಆದರೆ ಈಗ ನಡೆಯುವ ರೀತಿಯ ಬಗ್ಗೆ ನಮಗೂ ಅಸಮಾಧಾನವಿದೆ. ನೀವು ಕಳುಹಿಸಿದ ಸುದ್ದಿಯ ತುಣುಕನ್ನು ಎರಡು ಸಲ ಓದಿದೆವು. ವೇದಿಕೆಯಲ್ಲಿ ಯಾರು ಅಧ್ಯಕ್ಷತೆ ವಹಿಸಿದರು, ಯಾರು ಸ್ವಾಗತಿಸಿದರು, ಯಾರು ವಂದಿಸಿದರು ಎಂಬ ವಿವರಗಳೆಲ್ಲ ಅದರಲ್ಲಿವೆ. ಸನ್ಮಾನಿತರು ಏನು ಮಾಡಿದರು ಎಂಬುದಕ್ಕೆ ಮಾತ್ರ ‘ಉತ್ತಮ ಸೇವೆಗಾಗಿ’ ಎಂಬ ಎರಡು ಪದಗಳಿವೆ. ಒಡೆದ ಪೈಪನ್ನು ಎಷ್ಟು ಗಂಟೆಯೊಳಗೆ ಸರಿಪಡಿಸಿದರು, ವರ್ಷದಲ್ಲಿ ಎಷ್ಟು ಸೋರಿಕೆಗಳನ್ನು ಹುಡುಕಿ ಮುಚ್ಚಿದರು, ಕ್ಲೋರಿನ್ ತಪಾಸಣೆಯ ಪುಸ್ತಕದಲ್ಲಿ ಒಂದು ದಿನವೂ ಖಾಲಿ ಬಿಡದೆ ಬರೆದವರು ಯಾರು ಎಂಬುದನ್ನು ಆ ಸುದ್ದಿ ಹೇಳಿದ್ದರೆ, ನಿಮ್ಮ ಮನಸ್ಸಿನಲ್ಲಿ ಈ ಪ್ರಶ್ನೆ ಬಹುಶಃ ಏಳುತ್ತಿರಲಿಲ್ಲ.

ಇನ್ನೂ ಒಂದು ಮಾತು. ಪಂಪ್ ಹೌಸುಗಳಲ್ಲಿಯೂ ಗುಂಡಿ ಅಗೆಯುವಲ್ಲಿಯೂ ಇರುವವರಲ್ಲಿ ಅನೇಕರು ದಿನಗೂಲಿಯವರು ಅಥವಾ ಗುತ್ತಿಗೆದಾರರ ಕೈಕೆಳಗಿನವರು. ಕಚೇರಿಯ ಪಟ್ಟಿಯಲ್ಲಿ ಅವರ ಹೆಸರಿರುವುದಿಲ್ಲ. ಪಟ್ಟಿಯಲ್ಲಿಲ್ಲದವರಿಗೆ ಶಾಲೂ ಇಲ್ಲ. ಮೈಸೂರು ಸೀಮೆಯಲ್ಲಿ ಈ ಕೆಲಸದವರನ್ನು ನೀರುಗಂಟಿ ಎಂದು ಕರೆಯುವ ರೂಢಿಯಿದೆ, ಆ ಹೆಸರಿಗೊಂದು ಮರ್ಯಾದೆಯೂ ಇದೆ. ನಮ್ಮ ಕಡೆ ‘ನೀರು ಬಿಡುವವರು’ ಎಂದಷ್ಟೇ ಹೇಳುತ್ತೇವೆ, ಹೆಸರು ಕೇಳಿಕೊಳ್ಳುವುದಿಲ್ಲ. ಸನ್ಮಾನದ ಪಟ್ಟಿ ಆರಂಭವಾಗಬೇಕಾದದ್ದು ಅವರಿಂದ. ಸಕಾಲಕ್ಕೆ ಕೂಲಿ, ಗುಂಡಿಗಿಳಿಯುವಾಗ ಬೂಟು, ಮಳೆಗಾಲಕ್ಕೆ ಕೋಟು ಇವು ಸನ್ಮಾನಕ್ಕಿಂತ ಮೊದಲು ಸಲ್ಲಬೇಕಾದವು ಎಂಬುದನ್ನೂ ಇಲ್ಲಿ ಹೇಳಲೇಬೇಕು.

ಪ್ರಶ್ನೆ: ನನ್ನ ಬಾಲ್ಯದಲ್ಲಿ ಎಪ್ರಿಲ್, ಮೇ ತಿಂಗಳುಗಳಲ್ಲಿ ನಲ್ಲಿಯ ನೀರಿಗೆ ಉಪ್ಪು ಹತ್ತುತ್ತಿತ್ತು. ಗಂಜಿಗೆ ಬೇರೆ ಉಪ್ಪು ಬೇಡವೆಂದು ಅಜ್ಜಿ ಹೇಳುತ್ತಿದ್ದುದು ನೆನಪಿದೆ. ಈಗ ಆ ತೊಂದರೆ ಕಡಿಮೆಯಾಗಿದೆ. ಇದರ ಶ್ರೇಯಸ್ಸು ಯಾರಿಗೆ?
(ಚೆಂಗಳದ ಓದುಗರು)

ಉತ್ತರ: ಕೊಡಗಿನ ಬೆಟ್ಟಗಳಲ್ಲಿ ಹುಟ್ಟುವ ಪಯಸ್ವಿನಿಯು ಸುಳ್ಯವನ್ನು ಹಾದು ನಮ್ಮ ಸೀಮೆಗಿಳಿದು, ಕರಿಚ್ಚೇರಿ ಹೊಳೆಯನ್ನು ಕೂಡಿಕೊಂಡು, ಚಂದ್ರಗಿರಿಯೆಂಬ ಹೆಸರಿನಲ್ಲಿ ಕಾಸರಗೋಡಿನ ಬಳಿ ಕಡಲನ್ನು ಸೇರುತ್ತದೆ. ಕಾಸರಗೋಡು ನಗರಕ್ಕೂ ಸುತ್ತಲಿನ ಕೆಲವು ಪಂಚಾಯತುಗಳಿಗೂ ನೀರೆತ್ತುವುದು ಇದೇ ಹೊಳೆಯ ಬಾವಿಕ್ಕೆರೆಯಿಂದ. ಮಳೆಗಾಲದಲ್ಲಿ ಹೊಳೆಯ ರಭಸವೇ ಕಡಲನ್ನು ಹೊರಗೆ ತಳ್ಳಿ ಇಡುತ್ತದೆ. ಬೇಸಗೆಯಲ್ಲಿ ಹರಿವು ಬಡವಾದಾಗ, ಅಮಾವಾಸ್ಯೆ ಮತ್ತು ಹುಣ್ಣಿಮೆಯ ದೊಡ್ಡ ಉಬ್ಬರಗಳಲ್ಲಿ, ಉಪ್ಪುನೀರು ಹೊಳೆಯೊಳಗೆ ಮೇಲಕ್ಕೇರುತ್ತದೆ. ಉಪ್ಪುನೀರು ಭಾರವಾದುದರಿಂದ ಅದು ತಳದಲ್ಲಿ ಹಾದು ಬರುತ್ತದೆ. ಮೇಲೆ ಸಿಹಿನೀರು ಕಾಣಿಸುತ್ತಿರುವಾಗಲೇ ಕೆಳಗೆ ಉಪ್ಪು ಬಂದಾಗಿರುತ್ತದೆ.

ಎಷ್ಟು ಸ್ವಲ್ಪ ಕಡಲನೀರು ಸಾಕು ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿರಬೇಕು. ಬೇರೆ ಜಲಮೂಲವೇ ಇಲ್ಲದಿದ್ದರೆ 1000 ಮಿಲಿಗ್ರಾಂವರೆಗೆ ಸಹಿಸಬಹುದು. ಕಡಲನೀರಿನಲ್ಲಿ ಅದು ಲೀಟರಿಗೆ ಸುಮಾರು 19,000 ಮಿಲಿಗ್ರಾಂ ಇರುತ್ತದೆ. ಅಂದರೆ ಕ್ಲೋರೈಡ್ ಇಲ್ಲದ 75 ಕೊಡಪಾನ ಸಿಹಿನೀರಿಗೆ ಒಂದೇ ಒಂದು ಕೊಡಪಾನ ಕಡಲನೀರು ಬೆರೆತರೂ ಮಿತಿ ಮುಟ್ಟಿತೆಂದೇ ಲೆಕ್ಕ. ಈ ಉಪ್ಪನ್ನು ಶುದ್ಧೀಕರಣ ಘಟಕದ ಮರಳಿನ ಹಾಸು ಹಿಡಿಯಲಾರದು, ಕ್ಲೋರಿನ್ ಕೊಲ್ಲಲಾರದು, ಮನೆಯಲ್ಲಿ ಕುದಿಸಿದರೆ ಹೋಗುವುದೂ ಇಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಉಪ್ಪು ಹೆಚ್ಚುತ್ತದೆ. ಹೊಳೆಯಲ್ಲೇ ತಡೆಯುವುದೊಂದೇ ದಾರಿ. ಅದಕ್ಕಾಗಿ ದಶಕಗಳ ಕಾಲ ಪ್ರತಿ ಬೇಸಗೆಯಲ್ಲೂ ಮರಳಿನ ಚೀಲಗಳನ್ನು ಪೇರಿಸಿ ತಾತ್ಕಾಲಿಕ ಕಟ್ಟ ಕಟ್ಟುವುದು, ಮಳೆ ಬಂದಾಗ ಅದು ಕೊಚ್ಚಿಹೋಗುವುದು, ಮರುವರ್ಷ ಮತ್ತೆ ಕಟ್ಟುವುದು ನಡೆಯಿತು. ಶಾಶ್ವತ ಅಣೆಕಟ್ಟು ಪೂರ್ಣಗೊಂಡದ್ದು ಬಹಳ ಕಾಯಿಸಿದ ಮೇಲೆ, ಈಚಿನ ವರ್ಷಗಳಲ್ಲಿ.

ಆದುದರಿಂದ ಶ್ರೇಯಸ್ಸಿನ ದೊಡ್ಡ ಪಾಲು ಆ ಅಣೆಕಟ್ಟಿಗೆ ಮತ್ತು ಅದಕ್ಕಾಗಿ ವರ್ಷಗಟ್ಟಲೆ ಒತ್ತಾಯಿಸಿದ ಊರವರಿಗೆ ಸಲ್ಲಬೇಕು. ಆದರೆ ಅಣೆಕಟ್ಟು ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಯಾವ ದಿನ ಹಲಗೆ ಮುಚ್ಚಬೇಕು, ಮಳೆಯ ಮುನ್ಸೂಚನೆ ಬಂದಾಗ ಯಾವಾಗ ತೆರೆಯಬೇಕು ಎಂಬುದನ್ನು ಗಮನಿಸುವವರಿರಬೇಕು. ಪ್ರಯೋಗಶಾಲೆಯಲ್ಲಿ ಒಬ್ಬರು ಕೂತು ಉಪ್ಪನ್ನು ಅಳೆಯುತ್ತಿರಬೇಕು. ಆ ಪರೀಕ್ಷೆ ನೋಡಲು ಸರಳವಾಗಿದೆ: ನೀರಿಗೆ ಹಳದಿ ಬಣ್ಣದ ಸೂಚಕದ್ರವ ಹಾಕಿ, ಬೆಳ್ಳಿಯ ಲವಣದ ದ್ರಾವಣವನ್ನು ತೊಟ್ಟುತೊಟ್ಟಾಗಿ ಬಿಡುತ್ತಾ ಪಾತ್ರೆಯನ್ನು ಕುಲುಕಬೇಕು. ಹಳದಿಯು ಇಟ್ಟಿಗೆಗೆಂಪಿಗೆ ತಿರುಗಿದ ಕ್ಷಣದಲ್ಲಿ ನಿಲ್ಲಿಸಿ, ಎಷ್ಟು ದ್ರಾವಣ ಹಿಡಿಯಿತೆಂದು ಓದಬೇಕು. ಹೆಚ್ಚು ದ್ರಾವಣ ಹಿಡಿದರೆ ಹೆಚ್ಚು ಉಪ್ಪು. ಒಂದು ತೊಟ್ಟು ಮುಂದೆ ಹೋದರೂ ಲೆಕ್ಕ ತಪ್ಪುತ್ತದೆ. ಬೇಸಗೆಯ ಉದ್ದಕ್ಕೂ ಈ ಬಣ್ಣವನ್ನು ಕಾಯುತ್ತ ಕೂತವರ ಫೋಟೊ ಪತ್ರಿಕೆಯಲ್ಲಿ ಬಂದುದನ್ನು ನಾವು ಕಂಡಿಲ್ಲ, ಕಾಣಲು ಬಯಸುತ್ತೇವೆ.

ಪ್ರಶ್ನೆ: ನನಗೆ ಮಲಯಾಳ ಓದಲು ಬರುವುದಿಲ್ಲ. ನೀರಿನ ವಿಚಾರವಾಗಿ ದೂರನ್ನಾಗಲಿ, ಮೆಚ್ಚುಗೆಯನ್ನಾಗಲಿ ಕನ್ನಡದಲ್ಲಿ ಬರೆದುಕೊಟ್ಟರೆ ಸ್ವೀಕರಿಸುತ್ತಾರೆಯೇ?
(ಕುಂಬಳೆಯ ನಿವೃತ್ತ ಅಧ್ಯಾಪಕರು)

ಉತ್ತರ: ಸ್ವೀಕರಿಸಲೇಬೇಕು, ಮಾಸ್ತರರೇ. ಭಾರತ ಸಂವಿಧಾನದ 350ನೇ ವಿಧಿಯು, ಕುಂದುಕೊರತೆಯ ಪರಿಹಾರಕ್ಕಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿ ಇಲ್ಲವೆ ಪ್ರಾಧಿಕಾರಕ್ಕೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. ಇದಲ್ಲದೆ ಕೇರಳದ ಆಡಳಿತ ಭಾಷೆಗಳ ಕುರಿತ 1969ರ ಕಾಯ್ದೆಯು, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆ ಇರುವ ಸರಕಾರದ ಸ್ಥಳೀಯ ಕಚೇರಿಗಳೊಂದಿಗೆ ಕನ್ನಡಿಗರು ಕನ್ನಡದಲ್ಲೂ ತಮಿಳರು ತಮಿಳಿನಲ್ಲೂ ಪತ್ರವ್ಯವಹಾರ ನಡೆಸಲು ಅವಕಾಶ ಕೊಟ್ಟು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದು ಹೇಳುತ್ತದೆ. ಅರ್ಜಿಯ ಒಂದು ಪ್ರತಿಯ ಮೇಲೆ ತಾರೀಕು ಮತ್ತು ಮೊಹರು ಹಾಕಿಸಿ ಇಟ್ಟುಕೊಳ್ಳಿ. ಗ್ರಾಹಕ ಸಂಖ್ಯೆಯನ್ನು ಬಿಲ್ಲಿನಿಂದ ನೋಡಿ ಬರೆಯಿರಿ. ಅದಿಲ್ಲದ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತದೆ.

ಮೆಚ್ಚುಗೆಯ ಪತ್ರದ ಬಗ್ಗೆ ಕೇಳಿದ್ದು ನಮಗೆ ವಿಶೇಷ ಸಂತೋಷ ಕೊಟ್ಟಿತು. ಅಂತಹ ಪತ್ರ ಬರೆಯುವಾಗ ‘ನಿಮ್ಮ ನೌಕರರು ಒಳ್ಳೆಯವರು’ ಎಂದು ಬರೆಯದೆ, ಯಾವ ದಿನ, ಯಾವ ಜಾಗದಲ್ಲಿ, ಯಾವ ಕೆಲಸವನ್ನು, ಎಷ್ಟು ಹೊತ್ತಿನಲ್ಲಿ ಮಾಡಿದರೆಂದು ಬರೆಯಿರಿ. ಮೇಲಧಿಕಾರಿಗಳು ವರ್ಷದ ಕೊನೆಯಲ್ಲಿ ಯಾರನ್ನು ಆರಿಸಬೇಕೆಂದು ಯೋಚಿಸುವಾಗ, ಕಡತದಲ್ಲಿರುವ ಇಂತಹ ಒಂದು ಹಾಳೆ ಆ ನೌಕರರ ನೆರವಿಗೆ ಬರುತ್ತದೆ.

ಇದೇ ಸಂದರ್ಭದಲ್ಲಿ ಒಂದು ವಿಷಯ: ಕೇರಳ ಜಲ ಪ್ರಾಧಿಕಾರವು ಹಿಂದಿನ ಸಾರ್ವಜನಿಕ ಆರೋಗ್ಯ ಇಂಜಿನಿಯರಿಂಗ್ ಇಲಾಖೆಯ ಸ್ಥಾನದಲ್ಲಿ 1984ರ ಎಪ್ರಿಲ್ 1ರಂದು ರೂಪುಗೊಂಡಿತು, ಕಾಸರಗೋಡು ಜಿಲ್ಲೆ ಅಸ್ತಿತ್ವಕ್ಕೆ ಬಂದುದು ಅದೇ ವರ್ಷದ ಮೇ 24ರಂದು. ಎರಡಕ್ಕೂ ಒಂದೇ ಪ್ರಾಯ. ಜಿಲ್ಲೆಯ ಭಾಷೆ ಪ್ರಾಧಿಕಾರಕ್ಕೆ ಅಪರಿಚಿತವಾಗಿ ಉಳಿಯಲು ಕಾರಣವೇ ಇಲ್ಲ. ನೀರು ನಿಲುಗಡೆಯ ಪ್ರಕಟಣೆಯೂ ಸನ್ಮಾನದ ಪ್ರಕಟಣೆಯೂ ಮಲಯಾಳದ ಜೊತೆಗೆ ಕನ್ನಡದಲ್ಲಿ ಬರುವಂತಾಗಬೇಕೆಂದು ನಾವು ಈ ಅಂಕಣದಿಂದಲೇ ವಿನಂತಿಸುತ್ತೇವೆ.

ಪ್ರಶ್ನೆ: ಮಾರ್ಚ್ 22ರ ವಿಶ್ವ ಜಲದಿನದಂದು ನಮ್ಮ ಶಾಲೆಯಲ್ಲಿ ನೀರು ಸರಬರಾಜಿನ ಕೆಲಸಗಾರರನ್ನು ಗೌರವಿಸಬೇಕೆಂದಿದ್ದೇವೆ. ಹೇಗೆ ಮಾಡಿದರೆ ಚೆನ್ನ?
(ಬದಿಯಡ್ಕದ ಪ್ರೌಢಶಾಲಾ ವಿದ್ಯಾರ್ಥಿನಿ)

ಉತ್ತರ: ಒಳ್ಳೆಯ ಯೋಚನೆ, ಮಗಳೇ. ಅವರನ್ನು ಶಾಲೆಗೆ ಕರೆಸುವ ಮೊದಲು, ಅಧ್ಯಾಪಕರ ಜೊತೆ ಅನುಮತಿ ಪಡೆದು ನೀವೇ ಪಂಪ್ ಹೌಸಿಗೆ ಹೋಗಿ ಬನ್ನಿ. ಬಹಳಷ್ಟು ಪಂಪ್ ಹೌಸುಗಳಲ್ಲಿ ಪಾಳಿಯಲ್ಲಿ ಒಬ್ಬರೇ ಇರುತ್ತಾರೆ. ನಿಮ್ಮ ಸಭೆಗೆ ಬರಲು ಅವರು ಮೋಟಾರು ನಿಲ್ಲಿಸಬೇಕಾದೀತು.

ಅಲ್ಲಿಗೆ ಹೋದಾಗ ಕ್ಲೋರಿನ್ ಬಗ್ಗೆ ಕೇಳಿ. ನೀರಿಗೆ ಕ್ಲೋರಿನ್ ಬೆರೆಸಿ ಸುಮಾರು ಅರ್ಧ ಗಂಟೆ ಬಿಟ್ಟ ಮೇಲೂ, ಕಟ್ಟಕಡೆಯ ಮನೆಯ ನಲ್ಲಿಯಲ್ಲೂ, ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಉಳಿದಿದೆಯೇ ಎಂದು ನೋಡಲು ಸಣ್ಣ ಕೊಳವೆಯಲ್ಲಿ ನೀರು ಹಿಡಿದು, ಚಿಟಿಕೆ ಪುಡಿ ಹಾಕಿ ಅಲ್ಲಾಡಿಸುತ್ತಾರೆ. ಕ್ಲೋರಿನ್ ಇದ್ದರೆ ನೀರು ನಸುಗೆಂಪಾಗುತ್ತದೆ, ಬಣ್ಣ ಗಾಢವಾದಷ್ಟೂ ಕ್ಲೋರಿನ್ ಹೆಚ್ಚು. ದೊಡ್ಡ ಘಟಕಗಳಲ್ಲಿ ಕ್ಲೋರಿನ್ ಅನಿಲವನ್ನೇ ಸಿಲಿಂಡರಿನಲ್ಲಿ ಇಟ್ಟಿರುತ್ತಾರೆ. ಅದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಸೋರಿದರೆ ನೆಲಕ್ಕಂಟಿ ಹರಡುತ್ತದೆ, ಉಸಿರಾಟಕ್ಕೆ ಅಪಾಯಕಾರಿ. ಸೋರಿಕೆ ಎಲ್ಲಿದೆಯೆಂದು ಪತ್ತೆಹಚ್ಚಲು ಅಮೋನಿಯಾ ದ್ರಾವಣದ ಬಾಟಲಿಯ ಬಾಯಿಯನ್ನು ಜೋಡಣೆಯ ಬಳಿ ಹಿಡಿಯುತ್ತಾರೆ. ಸೋರುತ್ತಿದ್ದರೆ ಬಿಳಿ ಹೊಗೆ ಏಳುತ್ತದೆ. ಇಷ್ಟನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಂಡು, ಸಭೆಯಲ್ಲಿ ಓದಿ. ಹಾರ, ಹಣ್ಣುಹಂಪಲು ಬೇಡವೆಂದಲ್ಲ, ಅವು ನಮ್ಮ ಸಂಪ್ರದಾಯ. ಆದರೆ ಮಕ್ಕಳು ತಮ್ಮ ಕೆಲಸವನ್ನು ತಿಳಿದುಕೊಂಡು ಮಾತಾಡಿದರೆಂಬುದನ್ನು ಅವರು ಹೆಚ್ಚು ಕಾಲ ನೆನಪಿಟ್ಟುಕೊಳ್ಳುತ್ತಾರೆ.

ಪ್ರಶ್ನೆ: ನಮ್ಮದು ಗುಡ್ಡದ ಮೇಲಿನ ಮನೆ. ಅಜ್ಜನ ಕಾಲದ ಸುರಂಗದಿಂದ ನೀರು ತನ್ನಿಂದ ತಾನೇ ಅಂಗಳಕ್ಕೆ ಬರುತ್ತದೆ. ಈ ನಲ್ಲಿ, ಬಿಲ್ಲುಗಳ ಸುದ್ದಿ ನಮಗೆ ಸಂಬಂಧಿಸಿದ್ದೇ?
(ಪೆರ್ಲದ ಕೃಷಿಕರು)

ಉತ್ತರ: ಸುರಂಗವಿರುವ ಮನೆಯವರು ಪುಣ್ಯವಂತರು. ಮುರಕಲ್ಲಿನ ಗುಡ್ಡದೊಳಗೆ ಒಬ್ಬರು ಬಗ್ಗಿ ಸಾಗುವಷ್ಟು ಅಗಲಕ್ಕೆ ಅಡ್ಡಲಾಗಿ ಕೊರೆದು, ಕರೆಂಟಿಲ್ಲದೆ, ಪಂಪಿಲ್ಲದೆ ನೀರನ್ನು ಹೊರತರುವ ಈ ವಿದ್ಯೆ ನಮ್ಮ ಗಡಿನಾಡಿನ ಎರಡೂ ಬದಿಗಳಲ್ಲಿ ಇಂದಿಗೂ ಜೀವಂತವಿದೆ. ಗಡಿಯಾಚೆ, ಅಡ್ಯನಡ್ಕದ ಬಳಿಯ ಗುಡ್ಡದಲ್ಲಿ ಒಬ್ಬಂಟಿಯಾಗಿ ಸುರಂಗ ಕೊರೆದು, ಹಲವು ಸಲ ವಿಫಲರಾದರೂ ಬಿಡದೆ ನೀರು ಕಂಡ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲರೂ ಹಿಗ್ಗಿದೆವು. ಹಾರೆ ಹಿಡಿದು ಗುಡ್ಡದೊಳಗೆ ಹೋದವರ ಕೆಲಸಕ್ಕೆ ದೇಶದ ಮನ್ನಣೆ ಸಿಗಬಹುದೆಂದು ಆ ದಿನ ಗೊತ್ತಾಯಿತು.

ಸುದ್ದಿ ನಿಮಗೂ ಸಂಬಂಧಿಸಿದ್ದೇ. ಕೊಳವೆ ಬಾವಿಗಳು ಹೆಚ್ಚಿದಂತೆ ಸುರಂಗಗಳು ಬೇಗ ಬತ್ತುತ್ತಿವೆ. ನಿಮ್ಮ ನೆರೆಮನೆಯಲ್ಲಿ ಸುರಂಗವಿಲ್ಲದಿರಬಹುದು. 2019ರ ಆಗಸ್ಟ್ 15ರಂದು ಘೋಷಿತವಾದ ಜಲಜೀವನ ಮಿಷನ್ ಗ್ರಾಮಾಂತರದ ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ನೀರನ್ನು ನಲ್ಲಿಯ ಮೂಲಕ ಕೊಡುವ ಗುರಿಯಿಟ್ಟುಕೊಂಡದ್ದು ಅಂತಹ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ನಿಮ್ಮ ಸುರಂಗವನ್ನು ವರ್ಷಕ್ಕೊಮ್ಮೆ ಶುಚಿಗೊಳಿಸಿ ಕಾಪಾಡಿಕೊಳ್ಳಿ.

ಪ್ರಶ್ನೆ: ರಸ್ತೆಯ ಬದಿಯಲ್ಲಿ ಪೈಪು ಒಡೆದು ನೀರು ಹರಿಯುತ್ತಿದ್ದರೆ ಯಾರಿಗೆ ತಿಳಿಸಬೇಕು? ಇಷ್ಟು ಸಣ್ಣ ವಿಷಯಕ್ಕೆ ಅವರನ್ನು ಕರೆಯುವುದು ಸರಿಯೇ?
(ಮೊಗ್ರಾಲ್ ಪುತ್ತೂರಿನ ಆಟೋ ಚಾಲಕರು)

ಉತ್ತರ: ಸಣ್ಣ ವಿಷಯವೇ ಎಂದು ನೀವೇ ಲೆಕ್ಕ ಹಾಕಿ. 15 ಲೀಟರಿನ ಕೊಡಪಾನವನ್ನು ಮೂರು ನಿಮಿಷದಲ್ಲಿ ತುಂಬಿಸುವಷ್ಟು ಸೋರಿಕೆಯಿದ್ದರೆ, ಒಂದು ದಿನಕ್ಕೆ ಹೋಗುವುದು 7,200 ಲೀಟರ್. ತಲಾ 55 ಲೀಟರಿನಂತೆ 130 ಮಂದಿಯ ಪಾಲು. ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಪಂಪು ನಿಂತು ಪೈಪಿನಲ್ಲಿ ಒತ್ತಡ ಇಲ್ಲವಾದಾಗ, ನೀರು ಹೊರಗೆ ಬರುತ್ತಿದ್ದ ಅದೇ ಬಿರುಕಿನಿಂದ ಚರಂಡಿಯ ಕೊಳೆ ಒಳಗೆ ಹೋಗುತ್ತದೆ. ಸೋರಿಕೆ ಕಂಡ ಕೂಡಲೇ ತಿಳಿಸಬೇಕೆನ್ನುವುದು ಮುಖ್ಯವಾಗಿ ಇದಕ್ಕಾಗಿ.

ಕೇರಳ ಜಲ ಪ್ರಾಧಿಕಾರದ ಉಚಿತ ದೂರವಾಣಿ ಸಂಖ್ಯೆ 1916. ಪಂಚಾಯತಿನ ಸ್ವಂತ ಯೋಜನೆಯ ಪೈಪಾದರೆ ವಾರ್ಡು ಸದಸ್ಯರಿಗೆ ತಿಳಿಸಿ. ಜಾಗವನ್ನು ಹೇಳುವಾಗ ಕರೆಂಟು ಕಂಬದ ನಂಬ್ರವನ್ನೋ ಅಂಗಡಿಯ ಗುರುತನ್ನೋ ಹೇಳಿದರೆ ರಾತ್ರಿ ಟಾರ್ಚು ಹಿಡಿದು ಹುಡುಕುವ ಫಿಟ್ಟರಿಗೆ ಅರ್ಧ ಕೆಲಸ ಹಗುರಾಗುತ್ತದೆ. ಅವರು ಅಗೆಯುತ್ತಿರುವಾಗ ನಿಮ್ಮ ಆಟೋವನ್ನು ಗುಂಡಿಯ ಅಂಚಿನಿಂದ ದೂರ ನಿಲ್ಲಿಸಿ. ಒದ್ದೆ ಮಣ್ಣು ಒಳಗಿರುವವರ ಮೇಲೆ ಕುಸಿಯುವುದುಂಟು. ದುರಸ್ತಿ ಮುಗಿದು ನಲ್ಲಿಯಲ್ಲಿ ಮೊದಲು ಬರುವ ಕೆಂಪು ನೀರನ್ನು ಗಿಡಕ್ಕೆ ಬಿಟ್ಟು, ತಿಳಿಯಾದ ಮೇಲೆಯೇ ಹಿಡಿದು ಕುದಿಸಿ ಕುಡಿಯಿರಿ.